ಗೇಟು ತೆಗೆದವಳು

ಐದು ಮಹಡಿಯ ಆ ಕಚೇರಿಯಲ್ಲಿ ನಿರ್ದೇಶಕರ ಮುಖವನ್ನೇ ನೋಡದ ಗುಮಾಸ್ತರು ಬೇಕಾದಷ್ಟು ಜನ ಇದ್ದರು. ಗೇಟಕ್ಕನ ಮುಖ ನೋಡದವರು ಮಾತ್ರ ಒಬ್ಬರೂ ಇರಲಿಲ್ಲ. ಭೂಮಾಪನ ಇಲಾಖೆಯ ಕೇಂದ್ರ ಕಚೇರಿಯ ಕಬ್ಬಿಣದ ಗೇಟಿನ ಪಕ್ಕದಲ್ಲಿ, ಖಾಕಿ ಪ್ಯಾಂಟು, ನೀಲಿ ಅಂಗಿ ತೊಟ್ಟು, ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ನಿಂತಿದ್ದರೆ ಸಾಕು, ತಡವಾಗಿ ಬಂದ ಗುಮಾಸ್ತರು ತಾವಾಗಿಯೇ ತಲೆ ತಗ್ಗಿಸಿ ನುಸುಳುತ್ತಿದ್ದರು. ಅವಳ ಅಂಗೈ ಅಗಲವಾಗಿತ್ತು. ಆ ಕೈಯಲ್ಲಿ ಚಹದ ಲೋಟ ಹಿಡಿದರೆ ಲೋಟವೇ ಕಾಣಿಸುವುದಿಲ್ಲ ಎಂದು ಕ್ಯಾಂಟೀನಿನವನು ತಮಾಷೆ ಮಾಡುತ್ತಿದ್ದ, ಅದೂ ಒಂದು ಮಾರು ದೂರ ನಿಂತು.

ಆ ಕೈ ಮೊಟ್ಟಮೊದಲು ಏಟು ಕೊಟ್ಟದ್ದು ಸ್ವಂತ ಅಪ್ಪನಿಗೆ. ಅಪ್ಪ ಗೋದಾಮಿನಲ್ಲಿ ಮೂಟೆ ಹೊರುವವನು. ಹಗಲು ಮೂಟೆ ಎತ್ತಿ, ಸಂಜೆ ಕುಡಿದು, ಮನೆಗೆ ಬಂದು ಅಮ್ಮನನ್ನು ಬಡಿಯುವುದು ಅವನ ದಿನಚರಿ. ಒಂದು ಸಂಜೆ ಅವನು ಅಮ್ಮನ ಕತ್ತು ಹಿಡಿದು ಗೋಡೆಗೆ ಒತ್ತಿದ್ದ. ಅಮ್ಮನ ಕಾಲು ನೆಲ ಬಿಟ್ಟಿತ್ತು, ಕಣ್ಣುಗುಡ್ಡೆ ಮೇಲಾಗಿತ್ತು. ಆಗಿನ್ನೂ ಹದಿಹರೆಯದ ಹುಡುಗಿ, ಬಾಗಿಲಿಗೆ ಅಡ್ಡ ಕೊಡುವ ಮರದ ಪಟ್ಟಿಯನ್ನು ಕಿತ್ತುಕೊಂಡು ಅಪ್ಪನ ಭುಜಕ್ಕೆ ಬಾರಿಸಿದಳು. ಮೂಳೆ ಮುರಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಮೂಲೆಯಲ್ಲಿ ನಿಂತಿದ್ದ ಚಿಕ್ಕ ತಮ್ಮ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡು, "ಅಕ್ಕ ಅಪ್ಪನ್ನ ಕೊಂದ್ಲು" ಎಂದು ಕಿರುಚುತ್ತಾ ಬೀದಿಗೆ ಓಡಿದ.

ಅಪ್ಪ ಸಾಯಲಿಲ್ಲ. ಅಮ್ಮ ಉಸಿರು ತಿರುಗಿದ ಮೇಲೆ ಮಾಡಿದ ಮೊದಲ ಕೆಲಸ, ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡದ್ದು. ಎರಡನೆಯದು ಮಗಳ ಕಡೆ ತಿರುಗಿ, ಒಡೆದ ದನಿಯಲ್ಲಿ, "ಹೆತ್ತಪ್ಪನ ಮೇಲೆ ಕೈ ಮಾಡ್ದೋಳಿಗೆ ಈ ಮನೇಲಿ ಜಾಗ ಇಲ್ಲ, ನಡಿ" ಎಂದದ್ದು. ಹುಡುಗಿ ಉಟ್ಟ ಬಟ್ಟೆಯಲ್ಲೇ ಹೊರಟಳು. ಹೆಂಗಸರ ಹಾಸ್ಟೆಲಿನಲ್ಲಿ ಕಸ ಗುಡಿಸುತ್ತಿದ್ದ ಚಿಕ್ಕಮ್ಮನ ಹತ್ತಿರ ಬೆಳೆದಳು. ಮೈಕಟ್ಟು ನೋಡಿ ಒಂದು ಸೆಕ್ಯೂರಿಟಿ ಏಜೆನ್ಸಿಯವರು ಕರೆದು ಕೆಲಸ ಕೊಟ್ಟರು. ಆಮೇಲೆ ಅಪ್ಪ ಕುಡಿದು ಕುಡಿದೇ ಸತ್ತ ಸುದ್ದಿ ಕೇಳಿದಳು. ಅವಳು ಆ ಕಡೆ ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಗಂಡ ಸಿಕ್ಕಿದ್ದು ಕಚೇರಿಯಲ್ಲೇ. ಅವನು ಲಿಫ್ಟ್ ನಡೆಸುವವನು, ಖಾಯಂ ನೌಕರ. ಕಡ್ಡಿಯಂಥ ಮೈ, ನಿಲ್ಲದ ಬಾಯಿ. ಒಂದು ದಿನ ಲಿಫ್ಟಿನೊಳಗೆ ಯಾವನೋ ಗುತ್ತಿಗೆದಾರ ಟೈಪಿಸ್ಟ್ ಹುಡುಗಿಯ ಮೈಮುಟ್ಟಿದ. ಲಿಫ್ಟಿನವನು ಅಡ್ಡ ಬಂದದ್ದಕ್ಕೆ ಅವನ ಮೂಗು ಮುರಿಯಿತು. ಗೇಟಕ್ಕ ಓಡಿ ಬಂದು ಆ ಗುತ್ತಿಗೆದಾರನ ಕಾಲರ್ ಹಿಡಿದು ಎಳೆದು, ಮೆಟ್ಟಿಲ ಮೇಲೆ ಮೂಟೆಯ ಹಾಗೆ ಉರುಳಿಸಿದಳು. ಲಿಫ್ಟಿನವನು ರಕ್ತ ಸೋರುವ ಮೂಗನ್ನು ಹಿಡಿದುಕೊಂಡೇ ಹೇಳಿದ:

"ಜನರನ್ನ ಕೆಳಗಿಳಿಸೋದು ನನ್ನ ಕೆಲಸ. ನೀವು ನನಗಿಂತ ಬೇಗ ಇಳಿಸ್ತೀರ."

ಅವಳಿಗೆ ನಗು ಬಂತು. ಏಟು ಬಿದ್ದ ಜಾಗದಲ್ಲಿ ಯಾರಾದರೂ ನಗಿಸಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಅದೇ ವರ್ಷ ಮದುವೆಯಾದರು. ಕಚೇರಿಯ ಹಿಂಭಾಗದ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ ಸಿಕ್ಕಿತು. ಮಕ್ಕಳಾಗಲಿಲ್ಲ. ಸಂಜೆ ಇಬ್ಬರೂ ಯೂನಿಫಾರಂ ಒಗೆದು ಒಂದೇ ತಂತಿಯ ಮೇಲೆ ಒಣಹಾಕುತ್ತಿದ್ದರು. ಅವಳ ಅಂಗಿಯ ಪಕ್ಕದಲ್ಲಿ ಅವನದು ಮಗನ ಅಂಗಿಯಂತೆ ಕಾಣುತ್ತಿತ್ತು.

ಹೀಗಿರುವಾಗ ಆದೇಶ ಬಂತು. ರಾಜಧಾನಿಯಲ್ಲಿ ಉಸಿರಾಡಲು ಜಾಗವಿಲ್ಲ, ಆದ್ದರಿಂದ ಇಲಾಖೆಗಳ ಕೇಂದ್ರ ಕಚೇರಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸಬೇಕು ಎಂದು ಸರ್ಕಾರ ತೀರ್ಮಾನಿಸಿತ್ತು. ಮೊದಲ ಪಾಳಿ ಭೂಮಾಪನ ಇಲಾಖೆಯದು. ಬೆಳಗ್ಗೆ ರೈಲು ಹತ್ತಿದರೆ ಕತ್ತಲಾದ ಮೇಲೆ ಇಳಿಯಬೇಕಾದ ಒಂದು ಒಣ ಊರಿನಲ್ಲಿ ಹೊಸ ಕಟ್ಟಡ ಆಗಲೇ ಎದ್ದಿತ್ತು. ಖಾಯಂ ನೌಕರರು ಅಲ್ಲಿಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಏಜೆನ್ಸಿಯ ಕಾವಲಿನವರ ಬಗ್ಗೆ ಆದೇಶದಲ್ಲಿ ಒಂದು ಮಾತೂ ಇರಲಿಲ್ಲ. ಕಟ್ಟಡ ಖಾಲಿಯಾದ ದಿನ ಅವರ ಕೆಲಸವೂ ಖಾಲಿ.

"ಗಂಡ ಅಲ್ಲಿ, ಹೆಂಡ್ತಿ ಇಲ್ಲಿ. ವಕೀಲರಿಲ್ದೆ ಡೈವೋರ್ಸ್ ಮಾಡಿಸ್ತಿದೆ ನೋಡು ಸರ್ಕಾರ" ಎಂದ ಗಂಡ. ಈ ಸಲ ಅವಳು ನಗಲಿಲ್ಲ.

ನೌಕರರು ಮುಷ್ಕರಕ್ಕೆ ಕೂತರು. ಅವರ ಮುಂದಾಳು ನಕ್ಷೆ ವಿಭಾಗದ ಒಬ್ಬ ಅಧೀಕ್ಷಕ. ಕೂಗಿ ಕೂಗಿ ಗಂಟಲು ಗೊಗ್ಗರಾಗಿದ್ದ ಅವನನ್ನು ಎಲ್ಲರೂ ಲೀಡರ್ ಎಂದೇ ಕರೆಯುತ್ತಿದ್ದರು. ಮೊದಮೊದಲು ಘೋಷಣೆ, ಹಾಡು. ಆಮೇಲೆ ಗಾಜು ಒಡೆಯತೊಡಗಿತು. ಒಂದು ಮಧ್ಯಾಹ್ನ ನಿರ್ದೇಶಕರ ಕಾರಿಗೆ ಬೆಂಕಿ ಬಿತ್ತು. ನಿರ್ದೇಶಕರು ಕಾರಿನ ಹತ್ತಿರವೇ ಇದ್ದರು. ಜನ ಅವರ ಟೈ ಹಿಡಿದು ಉರಿಯ ಕಡೆಗೇ ಎಳೆಯುತ್ತಿದ್ದರು. ಗೇಟಕ್ಕ ಗುಂಪಿನೊಳಗೆ ನುಗ್ಗಿದಳು. ದಿನಾ ಅವಳಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದ ಕೈಗಳು ಅವಳ ಕೂದಲು ಕಿತ್ತವು, ಬೆನ್ನಿಗೆ ಗುದ್ದಿದವು. ಟೈಪಿಸ್ಟ್ ಹುಡುಗಿ ಕೂಡ ಚಪ್ಪಲಿಯಿಂದ ಹೊಡೆದಳು. ಗೇಟಕ್ಕ ಲಾಠಿ ಬೀಸಲಿಲ್ಲ. ಮೊಣಕೈಯಿಂದಲೇ ದಾರಿ ಮಾಡಿಕೊಂಡು, ನಿರ್ದೇಶಕರನ್ನು ಕಂಕುಳಲ್ಲಿ ಇರುಕಿಕೊಂಡು ಹಿಂಬಾಗಿಲಿಗೆ ಒಯ್ದಳು. ಅವರ ಒಂದು ಬೂಟು ದಾರಿಯಲ್ಲೇ ಉಳಿಯಿತು.

ಸಂಜೆ ಗಂಡ ಅವಳ ಬೆನ್ನಿನ ಗಾಯಕ್ಕೆ ಮುಲಾಮು ಹಚ್ಚುತ್ತಾ ಕೇಳಿದ, "ನೀನು ಯಾರ ಕಡೆ ಅಂತ ಕೇಳ್ತಿದ್ದಾರೆ. ನಾನೇನು ಹೇಳ್ಲಿ?"

"ಗೇಟಿನ ಕಡೆ ಅಂತ ಹೇಳಿ."

"ಗೇಟಿಗೆ ಜೀವ ಇಲ್ಲ ಮಾರಾಯ್ತಿ."

"ಸಾಹೇಬ್ರಿಗೆ ಇತ್ತಲ್ಲ. ಸುಟ್ಟುಬಿಡ್ತಿದ್ರು."

ಅವನು ಮುಲಾಮಿನ ಡಬ್ಬಿ ಮುಚ್ಚಿದ. "ನಾಳೆಯಿಂದ ಲಿಫ್ಟ್ ನಿಲ್ಲಿಸ್ತೀನಿ. ಮೇಲಿನ ಮಹಡೀಲಿ ಬಿಟ್ಟು ಬೀಗ ಹಾಕ್ತೀನಿ. ಬೀರುಗಳನ್ನ ಅದು ಹೇಗೆ ಇಳಿಸ್ತಾರೋ ನೋಡೋಣ" ಎಂದ. ಅವನು ಗಲಾಟೆಯ ಮನುಷ್ಯನಲ್ಲ. ತನ್ನಿಂದಾಗುವ ಒಂದೇ ಒಂದು ಕೆಲಸವನ್ನು ಮಾಡುವುದೆಂದು ಅವನು ನಿಶ್ಚಯಿಸಿದ್ದ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ನಿರ್ದೇಶಕರು ಮನೆಯಿಂದ ಫೋನ್ ಮಾಡಿದರು. "ಲಾರಿ ಬರ್ತಾವೆ, ಗೇಟ್ ತೆಗಿ. ಸಾಮಾನು ಸಾಗಿಸೋ ಜನ, ಅಷ್ಟೆ" ಎಂದರು. ಹಿಂದಿನ ದಿನ ಬೆಂಕಿಯಿಂದ ಎಳೆದು ತಂದವಳಿಗೆ ಒಂದು ಒಳ್ಳೆಯ ಮಾತನ್ನೂ ಆಡದೆ ಫೋನ್ ಇಟ್ಟರು.

ಲಾರಿಗಳು ಸಾಲಾಗಿ ಬಂದು ನಿಂತವು. ಮೊದಲ ಲಾರಿಯಿಂದ ಮೇಸ್ತ್ರಿ ಇಳಿದ. ಅವನ ನಡಿಗೆ ನೋಡಿ ಗೇಟಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಸತ್ತ ಅಪ್ಪನೇ ಎದ್ದು ಬಂದಂತಿತ್ತು. ಅದೇ ಭುಜ, ಮೂಟೆ ಹೊತ್ತವರ ಅದೇ ಕುತ್ತಿಗೆ. ಅವನೂ ಗೇಟಿನ ಸರಳಿನ ಆಚೆಯಿಂದ ಅವಳನ್ನೇ ನೋಡಿದ.

"ಅಕ್ಕಾ" ಎಂದ.

ಇಷ್ಟು ವರ್ಷಗಳ ಮೇಲೆ ತಮ್ಮನ ಬಾಯಿಂದ ಬಂದ ಆ ಮಾತಿಗೆ ಅವಳ ಕೈ ತಾನಾಗಿಯೇ ಸರಳಿನ ಮೇಲೆ ಹೋಯಿತು.

"ಚೆನ್ನಾಗಿದ್ದೀಯೇನೋ?"

"ಅದೆಲ್ಲ ಆಮೇಲೆ. ಗೇಟ್ ತೆಗಿ."

"ಲಾರೀಲಿ ಜನ ಜಾಸ್ತಿ ಇದ್ದಾರಲ್ಲೋ. ಕೈಯಲ್ಲೇನದು?"

"ಬೀರು ಮೀಟೋ ಸಲಾಕೆ. ನಿಮ್ಮ ಸಾಹೇಬ್ರೇ ಹೇಳಿದ್ದಾರೆ. ತೆಗಿ."

ಅವಳು ತೆಗೆದಳು. ಆಣತಿ ಇತ್ತು, ಕೆಲಸ ಅದೇ ಆಗಿತ್ತು, ಎದುರಿಗಿದ್ದವನು ತಮ್ಮ. ಮುಂದೆ ಎಷ್ಟೋ ಸಲ ಈ ಮೂರನ್ನೂ ತನಗೆ ತಾನೇ ಹೇಳಿಕೊಂಡು ನೋಡಿದಳು. ಒಂದರಿಂದಲೂ ಸಮಾಧಾನವಾಗಲಿಲ್ಲ.

ಒಳಗೆ ನೆಲಮಹಡಿಯ ಹಾಲಿನಲ್ಲಿ, ರಾತ್ರಿಯೂ ಮುಷ್ಕರ ಬಿಡದೆ ಅಲ್ಲೇ ಉಳಿದಿದ್ದ ನೌಕರರು ಇನ್ನೂ ಮಲಗಿದ್ದರು. ಸಲಾಕೆ ಹಿಡಿದವರು ಒಂದು ಮಾತನ್ನೂ ಆಡಲಿಲ್ಲ. ಮಲಗಿದ್ದವರ ಮೇಲೇ ಶುರು ಮಾಡಿದರು. ಮೊಣಕಾಲು, ಪಕ್ಕೆಲುಬು, ಬೆನ್ನು, ಎಲ್ಲಿಗೆ ಸಿಕ್ಕಿತೋ ಅಲ್ಲಿಗೆ. ಟೈಪಿಸ್ಟ್ ಹುಡುಗಿಯ ಮುಂಗೈ ಕಾಲಡಿ ನುಜ್ಜಾಯಿತು. ರಸ್ತೆಯ ಆಚೆ ಪೊಲೀಸರ ಜೀಪು ನಿಂತಿತ್ತು, ಒಳಗಿದ್ದವರು ಕೆಳಗಿಳಿಯಲಿಲ್ಲ. ಗೇಟಕ್ಕ ಮೊದಲು ಕಿರುಚಾಟ ಕೇಳಿದಳು. ಆಮೇಲೆ ತಲೆ ಒಡೆದು ಕಣ್ಣಿನವರೆಗೂ ರಕ್ತ ಇಳಿಸಿಕೊಂಡ ಲೀಡರ್ ಓಡಿ ಬರುವುದನ್ನು ಕಂಡಳು.

"ನಮ್ಮನೆಯವ್ರು ಎಲ್ಲಿ?" ಅವನ ತೋಳು ಹಿಡಿದು ಅಲುಗಾಡಿಸಿದಳು.

"ಮೆಟ್ಟಿಲ ಮೇಲೆ" ಎಂದು ಅವನು ಕೈ ಕೊಡವಿಕೊಂಡು ಓಡಿದ.

ಲಿಫ್ಟ್ ಇಲ್ಲದ್ದರಿಂದ ಕೂಲಿಗಳು ನಕ್ಷೆ ತುಂಬಿದ ಉಕ್ಕಿನ ಬೀರುಗಳನ್ನು ಹಗ್ಗ ಕಟ್ಟಿ ಮೆಟ್ಟಿಲ ಮೇಲೆ ಜಾರಿಸುತ್ತಾ ಇಳಿಸುತ್ತಿದ್ದರು. ಎರಡನೆಯ ಮಹಡಿಯ ತಿರುವಿನಲ್ಲಿ ಲಿಫ್ಟಿನವನು ಕಂಬಿಗೆ ತೋಳು ಸುತ್ತಿ ಕೂತುಬಿಟ್ಟಿದ್ದ. ಗೇಟಕ್ಕ ಕೆಳಗಿನ ಮೆಟ್ಟಿಲು ಹತ್ತುವಾಗ ಮಾತು ಕೇಳಿಸಿತು.

"ಏಳೋ ಮೇಲೆ" ಇದು ತಮ್ಮನ ದನಿ.

"ಲಿಫ್ಟ್ ಕೆಟ್ಟಿದೆ ಸ್ವಾಮಿ, ನಾಳೆ ಬನ್ನಿ" ಇದು ಗಂಡನದು. ದನಿ ನಡುಗುತ್ತಿತ್ತು.

"ಕೊನೇ ಸಲ ಹೇಳ್ತಿದ್ದೀನಿ, ಏಳು."

"ಸುಸ್ತಾಗಿದ್ರೆ ನೀವೂ ಕೂತ್ಕೊಳ್ಳಿ."

"ಹಗ್ಗ ಬಿಡ್ರೋ" ಎಂದ ತಮ್ಮ.

ಕೂಲಿಗಳು ಒಂದು ಗಳಿಗೆ ಹಿಂಜರಿದರು. ಅವನು ತಾನೇ ಮುಂದೆ ಬಂದು ಬೀರುವನ್ನು ಒದ್ದ. ಅದು ಕಿರ್ರೆಂದು ಮೆಟ್ಟಿಲು ಕೆರೆಯುತ್ತಾ ಇಳಿದು, ತಿರುವಿನ ಗೋಡೆಗೂ ತನಗೂ ನಡುವೆ ಲಿಫ್ಟಿನವನ ಎಡಗಾಲನ್ನು ಅರೆಯಿತು. ಅವನು ಕೂಗಲಿಲ್ಲ. ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ.

ಮೆಟ್ಟಿಲ ಮೇಲೆ ಯಾರೋ ಬಿಟ್ಟ ಸಲಾಕೆ ಬಿದ್ದಿತ್ತು. ಗೇಟಕ್ಕ ಅದನ್ನು ಯಾವಾಗ ಎತ್ತಿಕೊಂಡಳೋ, ಬೀರುವನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದ ತಮ್ಮ. ಆ ಕೈ ಮೇಲೇ ಹೊಡೆದಳು. ಅವನು ಗೋಡೆಗೆ ಒರಗಿ ಕುಸಿದ. ಕುಸಿದ ಮೇಲೂ ಹೊಡೆದಳು.

"ಅವನು ನಿನ್ನ ಭಾವ ಕಣೋ" ಎನ್ನುತ್ತಿದ್ದಳು. ಒಂದೊಂದು ಏಟಿಗೂ ಅದೇ ಮಾತು. "ನಿನ್ನ ಭಾವ ಕಣೋ."

ಮೊಣಕೈ ಹಿಟ್ಟಾಗಿತ್ತು. ಎಲುಬಿನ ಬಿಳಿ ಚೂರು ಅಂಗಿಯನ್ನು ತೂತು ಮಾಡಿ ಹೊರಗೆ ಬಂದಿತ್ತು. ಅದನ್ನು ಕಂಡ ಮೇಲೆ ಅವಳ ಕೈ ನಿಂತಿತು. ಓಡಿಹೋಗದೆ ಉಳಿದಿದ್ದ ಕೂಲಿಗಳ ಕಡೆ ತಿರುಗಿ, "ಬೀರು ಎತ್ತಿ" ಎಂದಳು. ಅವರು ಬಂದು ಎತ್ತಿದರು.

ಪೊಲೀಸರು ಆಗ ಜೀಪಿನಿಂದ ಇಳಿದು ಬಂದು ಮೊದಲು ಹಿಡಿದದ್ದು ಅವಳನ್ನೇ.

ಗಂಡನ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ತಮ್ಮನ ಕೈ ಉಳಿಯಿತು, ಆದರೆ ಒಣಗಿದ ಕೊಂಬೆಯ ಹಾಗೆ ಜೋತುಬಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ವಾರ್ಡು, ಅಕ್ಕಪಕ್ಕದ ಮಂಚ. ಮೊದಲ ವಾರ ತಮ್ಮ ಗೋಡೆಯ ಕಡೆ ತಿರುಗಿಯೇ ಮಲಗಿದ್ದನಂತೆ. ಆಮೇಲೆ ಲಿಫ್ಟಿನವನೇ ಮಾತು ತೆಗೆದ: "ಏನಪ್ಪಾ ಭಾಮೈದ, ಮದುವೆಗಂತೂ ಬರ್ಲಿಲ್ಲ. ಈಗಲಾದ್ರೂ ಪರಿಚಯ ಆಯ್ತಲ್ಲ." ತಮ್ಮ ಅಂದೇ ಮೊದಲ ಸಲ ಅತ್ತನಂತೆ. ಇದನ್ನೆಲ್ಲ ಗಂಡ ಕೋರ್ಟಿನ ಜಗಲಿಯಲ್ಲಿ, ಹೊಸ ಊರುಗೋಲಿನ ಮೇಲೆ ಭಾರ ಹಾಕಿಕೊಂಡು, ಅವಳ ಪಕ್ಕದಲ್ಲಿದ್ದ ಮಹಿಳಾ ಪೇದೆಯ ಅನುಮತಿ ಪಡೆದು ಹೇಳಿದ. ಹೇಳಿ ದನಿ ತಗ್ಗಿಸಿದ.

"ಇಬ್ರೂ ಮಾತಾಡ್ಕೊಂಡಿದ್ದೀವಿ. ಬೀರು ತಾನಾಗೇ ಜಾರ್ತು. ನನ್ನ ಕಾಲ ಮೇಲೂ ಬಿತ್ತು, ಅವನ ಕೈ ಮೇಲೂ ಬಿತ್ತು. ಯಾರೂ ಯಾರಿಗೂ ಏನೂ ಮಾಡಿಲ್ಲ. ನೀನೂ ಮನೆಗೆ ಬರ್ತೀಯ, ಅವನೂ ಹೋಗ್ತಾನೆ. ನೀನು ಸುಮ್ನೆ ಇದ್ರೆ ಸಾಕು."

ಅವಳು ಖಾಲಿ ನೇತಾಡುತ್ತಿದ್ದ ಅವನ ಪ್ಯಾಂಟಿನ ಎಡಗಾಲನ್ನು ನೋಡುತ್ತಾ ನಿಂತಳು. ಆಗಲಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಅಕ್ಕ, ತಮ್ಮ ಇಬ್ಬರ ಮೇಲಿನ ಕೇಸುಗಳೂ ಒಟ್ಟಿಗೇ ವಿಚಾರಣೆಗೆ ಬಂದವು. ಸಾಕ್ಷಿ ಕಟ್ಟೆಯಲ್ಲಿ ತಮ್ಮ ಹಾಗೆಯೇ ಹೇಳಿದ. ಗಂಡನೂ ಹಾಗೆಯೇ ಹೇಳಿದ. ಅವಳ ಪರವಾಗಿ ಸರ್ಕಾರವೇ ಕೊಟ್ಟಿದ್ದ ವಕೀಲ ಮುಖ ಅರಳಿಸಿಕೊಂಡು ಕೂತಿದ್ದ. ಕೊನೆಗೆ ನ್ಯಾಯಾಧೀಶರು ಪದ್ಧತಿಯಂತೆ ಅವಳನ್ನೂ ಕೇಳಿದರು, ನೀವೇನಾದರೂ ಹೇಳುವುದಿದೆಯೇ ಎಂದು. ವಕೀಲ ಬೇಡವೆಂಬಂತೆ ಕಣ್ಣು ಮಾಡಿದ.

"ಬೀರು ಜಾರ್ಲಿಲ್ಲ ಸ್ವಾಮಿ. ಇವನು ಒದ್ದ. ಇವನ ಕೈ ಮೇಲೆ ಬೀರು ಬೀಳ್ಲಿಲ್ಲ. ನಾನು ಹೊಡೆದೆ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಗಂಡ ಬೆಂಚಿನಿಂದ ಎದ್ದು ನಿಲ್ಲಲು ಹೋಗಿ ಮುಗ್ಗರಿಸಿದ.

"ಯೋಚನೆ ಮಾಡಿ ಮಾತಾಡಿ. ಇದರಿಂದ ನಿಮಗೇ ಶಿಕ್ಷೆ ಆಗುತ್ತೆ" ಎಂದರು ನ್ಯಾಯಾಧೀಶರು.

"ಆಗ್ಲಿ. ಒಬ್ಬರ ಕಾಲು ಹೋಗಿದೆ, ಒಬ್ಬರ ಕೈ ಹೋಗಿದೆ. ಯಾರೂ ಏನೂ ಮಾಡ್ಲಿಲ್ಲ ಅಂದ್ರೆ ಹೇಗೆ? ಗೇಟ್ ತೆಗೆದೋಳೂ ನಾನೇ, ಹೊಡೆದೋಳೂ ನಾನೇ. ತೆಗಿ ಅಂದೋರು ನಮ್ಮ ಸಾಹೇಬ್ರು. ಇವರನ್ನ ಸಲಾಕೆ ಕೊಟ್ಟು ಕಳಿಸಿದೋರು ಯಾರು ಅಂತ ಅವರನ್ನೇ ಕೇಳಿ."

ಸಾಹೇಬರ ವಿಷಯ ಈ ಕೇಸಿಗೆ ಸೇರಿದ್ದಲ್ಲ ಎಂದು ನ್ಯಾಯಾಧೀಶರು ತಡೆದರು. ಗಂಡನನ್ನು ಮತ್ತೆ ಕಟ್ಟೆಗೆ ಕರೆದರು. ಬೀರು ಜಾರಿತೋ, ಒದ್ದರೋ ಎಂದು ಕೇಳಿದರು. ಅವನು ಯಾರ ಕಡೆಗೂ ನೋಡದೆ, "ಒದ್ರು" ಎಂದ. ಅವಳಿಗೆ ಎರಡು ವರ್ಷ ಶಿಕ್ಷೆಯಾಯಿತು, ತಮ್ಮನಿಗೆ ಮೂರು. ಪೊಲೀಸರು ಕರೆದೊಯ್ಯುವಾಗ ತಮ್ಮ ಅವಳ ಹತ್ತಿರ ಬಂದು, "ಉಳಿಸಿದ್ದೆನಲ್ಲೇ ನಿನ್ನ, ಯಾಕೆ ಬಾಯಿ ಬಿಟ್ಟೆ?" ಎಂದು ಹಲ್ಲು ಕಚ್ಚಿದ.

"ನಿನ್ನ ಕೈ ಮುರಿದದ್ದು ನಿನ್ನಕ್ಕ. ಬೀರು ಅಲ್ಲ" ಎಂದಳು.

ಜೈಲಿನಲ್ಲಿ ಅವಳ ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು. ತಮ್ಮನ ಕೈ ಮುರಿದವಳು ಎಂದು ಕೆಲವರು ದೂರ ಸರಿದರು, ಕೆಲವರು ಪರೀಕ್ಷೆ ಮಾಡಲು ಬಂದರು. ಸ್ನಾನದ ಸಾಲಿನಲ್ಲಿ ಒಬ್ಬಳು ಬಕೆಟ್ಟಿನಿಂದ ಅವಳ ಹುಬ್ಬು ಸೀಳಿದಳು. ಗೇಟಕ್ಕ ಅವಳ ಕೈಯಿಂದ ಬಕೆಟ್ಟು ಕಿತ್ತುಕೊಂಡು, ನೀರು ತುಂಬಿಸಿ, ಸ್ನಾನ ಮುಗಿಸಿ ಹೋದಳು. ಹೊಡೆಯುವುದು ಕಷ್ಟವಿರಲಿಲ್ಲ. ಹೊಡೆಯಲು ಶುರು ಮಾಡಿದರೆ ಎಲ್ಲಿ ನಿಲ್ಲುತ್ತೇನೋ ಎಂಬ ಭಯ ಈಗ ಹುಟ್ಟಿತ್ತು.

ಮೊದಲು ನೋಡಲು ಬಂದದ್ದು ಅಮ್ಮ. ಅಷ್ಟು ವರ್ಷಗಳ ಮೇಲೆ ಬಂದ ಅಮ್ಮ ಗುಬ್ಬಚ್ಚಿಯಷ್ಟಾಗಿದ್ದಳು. ಕಂಬಿಯ ಆಚೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದಳು.

"ಅಪ್ಪನ್ನ ಮುರಿದೆ. ಈಗ ತಮ್ಮನ್ನ ಮುರಿದೆ. ನನ್ನೊಬ್ಬಳನ್ನ ಯಾಕೆ ಬಿಟ್ಟಿದ್ದೀಯ?"

ಅನ್ನುತ್ತಾ ಅನ್ನುತ್ತಾ ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಹೊಡೆಯಲು ಬಂದಳು. ಆ ಗಿಡ್ಡ ಕೈ ಎಟುಕಲಿಲ್ಲ, ಗಾಳಿಯಲ್ಲೇ ತಡಕಾಡಿತು. ಗೇಟಕ್ಕ ಕಂಬಿಗೆ ಮುಖ ತಂದು ಒತ್ತಿ ನಿಂತಳು. ಅಮ್ಮ ಹೊಡೆದಳು. ಕೆನ್ನೆಗೆ, ಬಾಯಿಗೆ, ಇನ್ನೂ ಹೊಲಿಗೆ ಬಿಚ್ಚದ ಹುಬ್ಬಿಗೆ. ಕಾವಲಿನವಳು ಬಂದು ಬಿಡಿಸುವವರೆಗೂ ಹೊಡೆದಳು. ಗೇಟಕ್ಕ ಮುಖ ತೆಗೆಯಲಿಲ್ಲ.

ಗಂಡ ಬಹಳ ತಿಂಗಳು ಬರಲಿಲ್ಲ. ಕಡೆಗೊಂದು ದಿನ ಬಂದಾಗ ಇನ್ನೂ ಸಿಟ್ಟಿನಲ್ಲಿದ್ದ. ಮಾತು ಮಾತ್ರ ನಿಂತಿರಲಿಲ್ಲ. ಕೇಂದ್ರ ಕಚೇರಿ ಹೊಸ ಊರಿಗೆ ಹೋಗಿಯೇ ಹೋಯಿತು ಎಂದ. ಬಡ್ತಿ ಸಿಕ್ಕ ಕೂಡಲೇ ಲೀಡರ್ ಮೊದಲ ರೈಲಿಗೇ ಹೊರಟನಂತೆ. ನಿರ್ದೇಶಕರು ಮಾತ್ರ ರಾಜಧಾನಿಯಲ್ಲೇ ಒಂದು ಕೋಣೆ ಉಳಿಸಿಕೊಂಡು, ಇಲಾಖೆಯನ್ನು ಅಲ್ಲಿಂದಲೇ ನಡೆಸುತ್ತಿದ್ದಾರಂತೆ.

"ಹೊಸ ಕಟ್ಟಡಕ್ಕೆ ಒಂದೇ ಮಹಡಿ. ನಾನು ಲಿಫ್ಟ್ ಆಪರೇಟರ್ರು. ವಿಚಾರಣೆ ಕೌಂಟರಿನಲ್ಲಿ ಕೂರಿಸಿದ್ದಾರೆ" ಎಂದ.

"ಊರಿನ ಜನ ಹೇಗೆ?"

"ಕಲ್ಲಲ್ಲೇ ಸ್ವಾಗತ ಮಾಡಿದ್ರು. ಜಮೀನು ಕೊಟ್ಟವರಿಗೆಲ್ಲ ಕೆಲಸ ಅಂದಿದ್ರಂತೆ. ಕೆಲಸಕ್ಕೆ ಬಂದೋರು ನಾವು. ಬಸ್ಸಿನ ಗಾಜು ಪುಡಿಪುಡಿ. ನನ್ನ ಪಕ್ಕದವನ ಕಣ್ಣೇ ಹೋಯ್ತು. ಅವರ ಮೇಲೆ ಸಿಟ್ಟೂ ಬರಲ್ಲ ನೋಡು, ಅದೇ ಕಷ್ಟ."

ಏಳುವಾಗ ಊರುಗೋಲು ಜಾರಿತು. ಅವಳು ಕಂಬಿಯ ಈಚೆಯಿಂದ ಕೈ ಚಾಚಿದಳು. ಅವನು ಆ ಕೈ ಹಿಡಿದೇ ಎದ್ದ. ಮುಂದಿನ ತಿಂಗಳಿಂದ ತಪ್ಪದೆ ಬರತೊಡಗಿದ.

ಬಿಡುಗಡೆಯಾದ ಮೇಲೆ ಅವಳು ನೇರವಾಗಿ ಆ ಒಣ ಊರಿಗೆ ಹೋದಳು. ಗಂಡನ ಮೊಂಡುಗಾಲನ್ನು ಅವಳು ಕಣ್ಣಾರೆ ನೋಡಿದ್ದು ಅಂದೇ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿದಳು. "ಒಂದು ಚಪ್ಪಲಿ ಉಳಿತಾಯ" ಎಂದ ಅವನು. ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

ಜೈಲು ಕಂಡವಳನ್ನು ಯಾವ ಏಜೆನ್ಸಿಯೂ ಸೇರಿಸಿಕೊಳ್ಳಲಿಲ್ಲ. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಸಿಕ್ಕಿತು. ಅವಳ ಜೊತೆ ಬಸ್ಸು ತೊಳೆಯುತ್ತಿದ್ದವಳ ಹೊಲದ ಮೇಲೇ ಕೇಂದ್ರ ಕಚೇರಿ ಕಟ್ಟಿದ್ದರು. ಮೊದಲ ದಿನಗಳಲ್ಲಿ ಆ ಹೆಂಗಸು ಬೇಕೆಂದೇ ಪೈಪಿನ ನೀರನ್ನು ಗೇಟಕ್ಕನ ಮುಖಕ್ಕೆ ತಿರುಗಿಸುತ್ತಿದ್ದಳು. ಗೇಟಕ್ಕ ಮುಖ ಒರೆಸಿಕೊಂಡು ತನ್ನ ಪಾಡಿಗೆ ಚಕ್ರ ಉಜ್ಜುತ್ತಿದ್ದಳು. ಕೆಲವು ವಾರಕ್ಕೆ ಆ ಹೆಂಗಸಿಗೇ ಬೇಸರವಾಗಿ ಬಿಟ್ಟಳು.

ಒಂದು ಮಧ್ಯಾಹ್ನ ಅವಳು ಡಿಪೋದಿಂದ ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಒಳಗೆ ಕುರ್ಚಿಯ ಮೇಲೆ ತಮ್ಮ ಕೂತಿದ್ದ. ಮೈ ಇಳಿದುಹೋಗಿತ್ತು, ಬಲಗೈ ತೊಡೆಯ ಮೇಲೆ ಇಟ್ಟ ಸಾಮಾನಿನ ಹಾಗಿತ್ತು. ಎದುರಿಗೆ ಗಂಡ ಇದ್ದ. ಅಪರೂಪಕ್ಕೆ ಅವನು ಮಾತಿಲ್ಲದೆ ಕೂತಿದ್ದ.

"ಯಾವಾಗ ಬಿಟ್ರು?" ಎಂದು ಕೇಳಿದಳು.

"ಹೋದ ತಿಂಗಳು" ಎಂದ ತಮ್ಮ. ಆಮೇಲೆ ನೆಲ ನೋಡುತ್ತಾ ಹೇಳಿದ, "ಅಮ್ಮ ಹೋದ್ಲು. ನಾನು ಒಳಗಿರುವಾಗ್ಲೇ. ಯಾರೂ ಹೇಳಿರ್ಲಿಲ್ಲ. ಮನೆಗೆ ಹೋದಾಗ ಬಾಗಿಲಿಗೆ ಬೇರೆ ಯಾರದೋ ಬೀಗ ಇತ್ತು."

ಗೇಟಕ್ಕ ಕೈಯಲ್ಲಿದ್ದ ಬುತ್ತಿಯ ಡಬ್ಬಿಯನ್ನು ನೆಲಕ್ಕಿಟ್ಟಳು. ಆಮೇಲೆ ಪಕ್ಕದ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದಳು. ಸದ್ದಿಲ್ಲದೆ, ಅಳದೆ, ಬೇರೊಬ್ಬರ ತಲೆಯನ್ನು ಹೊಡೆಯುವವಳ ಹಾಗೆ. ಸುಣ್ಣದ ಮೇಲೆ ರಕ್ತ ಹತ್ತಿತು. ಗಂಡ ಏಳಲು ಒದ್ದಾಡಿದ, ಊರುಗೋಲು ಕೈಗೆ ಸಿಗಲಿಲ್ಲ. ತಮ್ಮ ಎದ್ದು ಬಂದು, ಎಡಗೈಯನ್ನು ಅವಳ ಹಣೆಗೂ ಗೋಡೆಗೂ ನಡುವೆ ಇಟ್ಟ. ಮುಂದಿನ ಏಟು ಅವನ ಅಂಗೈಗೆ ಬಿತ್ತು. ಅದರ ಮುಂದಿನದೂ ಬಿತ್ತು. ಅವನು ಕೈ ತೆಗೆಯಲಿಲ್ಲ.

"ಸಾಕು ಬಿಡಕ್ಕಾ" ಎಂದ.

ಅವಳು ಅವನ ಕೈ ಮೇಲೆಯೇ ಹಣೆಯಿಟ್ಟು ನಿಂತಳು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ಇಣುಕುತ್ತಿದ್ದರು. ಗಂಡ ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಹೋಗಿ, "ಏನಿಲ್ಲ, ಮನೆಗೆ ಭಾಮೈದ ಬಂದಿದ್ದಾನೆ" ಎಂದು ಹೇಳಿ ಅವರನ್ನು ಕಳಿಸಿದ.